ತಿಪ್ಪೇಶ ಆರ್ಕಿಡ್ ಆರಿಸಿದ್ದು

ಪೆದ್ದರು ಎಲ್ಲಾ ಊರಲ್ಲೂ ಇರ್ತಾರೆ ಕಣ್ರಪ್ಪಾ, ಇಲ್ಲ ಅಂದೋರ್ಯಾರು? ಆದ್ರೆ ನಮ್ಮ ತಿಪ್ಪೇಶನಂಥ ಪೆದ್ದ ಬೇಕಂದ್ರೆ ನೀವು ತುಮಕೂರಿಗೆ, ನಮ್ಮ ಬೀದಿಗೇ ಬರ್ಬೇಕು! ಹೇಳಿದ್ದನ್ನ ಹೇಳಿದಂಗೇ ಮಾಡೋನು. ಅವನ ತಾಯಿ ಮಾರಕ್ಕ ತಲೆ ಚಚ್ಚಿಕೊಂಡೇ ಅರ್ಧ ಆಯುಸ್ಸು ಕಳೆದ್ಲು.

ಮೀಸೆ ಬಲಿತರೂ ಅವನಿಗೆ ಹೆಣ್ಣು ಕೊಡೋರಿಲ್ಲ. ಕೊನೆಗೆ ಗುಬ್ಬಿ ಕಡೆಯೋರೊಬ್ಬರು, "ಹುಡುಗನಿಗೆ ಏನು ಬರುತ್ತಮ್ಮಾ?" ಅಂತ ಕೇಳಿದ್ರು. ಮಾರಕ್ಕ ಸೋಲೋಳಾ? "ನನ್ನ ಮಗ ಮನೇಲಿ ಆರ್ಕಿಡ್ ಬೆಳೀತಾನೆ!" ಅಂದೇಬಿಟ್ಲು. ನೋಡಿದ್ರೆ, ಮನೇಲಿ ತುಳಸಿ ಬಿಟ್ಟರೆ ಇನ್ನೊಂದು ಗಿಡ ಇಲ್ಲ! ಸುಳ್ಳು ಬಯಲಾದ್ರೆ ಈ ಸಂಬಂಧವೂ ಹೋಯ್ತು.

"ಲೋ ತಿಪ್ಪೇಶ, ನರ್ಸರಿಗೆ ಓಡು. ಒಳ್ಳೇ ಹೂವು ನೋಡಿ ಆರ್ಕಿಡ್ ತಗೊಂಡು ಬಾ."

"ಹೂಂ ಕಣವ್ವ."

ಹೋದ. ನೋಡಿದ. ಒಳ್ಳೇ ಹೂವಿನ ಗೊಂಚಲು ಕಿತ್ತ, ಗಿಡ ಅಲ್ಲೇ ಬಿಟ್ಟ, ಬಂದ!

"ಅಯ್ಯೋ ನನ್ನ ಕರ್ಮವೇ! ಹೂವಿಗೆ ಮರುಳಾಗ್ತಾರೇನೋ? ಬೇರು ನೋಡ್ಬೇಕು, ಬೇರು! ಹಸಿರಾಗಿ ಗಟ್ಟಿಯಾಗಿದ್ರೆ ಅದು ಬದುಕೋ ಗಿಡ."

"ಹಂಗಂತ ಮೊದಲೇ ಹೇಳ್ಬಾರ್ದಾ ಅವ್ವ?"

ಮತ್ತೆ ಹೋದ. ಒಂದು ಕುಂಡ ಬೋರಲು ಹಾಕಿ ಬೇರು ನೋಡಿದ. ಪಕ್ಕದ್ದು ನೋಡಿದ. ಅದರ ಪಕ್ಕದ್ದೂ ನೋಡಿದ. ನರ್ಸರಿಯ ಬುಡೇನ್ ಸಾಬ್ರು ಟೀ ಕುಡಿದು ಬರೋ ಹೊತ್ತಿಗೆ ಇದ್ದಬದ್ದ ಗಿಡವೆಲ್ಲ ನೆಲದ ಮೇಲೆ!

"ಯಾ ಅಲ್ಲಾ! ಮೊದಲನೇ ಸಲ ಆರ್ಕಿಡ್ ಸಾಕೋನು ಹಿಂಗೇನೋ ಆರಿಸೋದು? ಈ ಗಿಡಕ್ಕೆ ಬೆಳಕೆಷ್ಟು ಬೇಕು, ನೀರೆಷ್ಟು ಬೇಕು, ಗಾಳಿ ಎಷ್ಟು ಬೇಕು ಅಂತ ಕೇಳು. ಅಷ್ಟೂ ನಿಮ್ಮನೇಲಿದ್ರೆ ಮಾತ್ರ ತಗೊಂಡು ಹೋಗು!"

ಮಾರನೇ ದಿನ ಹೋದ. ಒಂದೊಂದು ಗಿಡದ ಮುಂದೂ ಕುಕ್ಕರಗಾಲಲ್ಲಿ ಕೂತು ಕೇಳಿದ. ಸಂಜೆಗೆ ಬರಿಗೈಲಿ ಬಂದ.

"ಅವ್ವಾ, ಒಂದೂ ಬಾಯಿ ಬಿಡಲಿಲ್ಲ!"

"ಗಿಡ ಮಾತಾಡುತ್ತೇನೋ ಮಂಕೇ! ಮಾತು ಬರೋರನ್ನ ಕೇಳೋದು!"

ಅಷ್ಟರಲ್ಲಿ ಹೆಣ್ಣು ನೋಡೋ ದಿನ ಬಂತು. ತಾಯಿ ಮಗ ಗುಬ್ಬಿಗೆ ಹೋದ್ರು. ಹುಡುಗಿ ಶಶಿರೇಖಾ ಉಪ್ಪಿಟ್ಟು, ಕಾಫಿ ತಂದಿಟ್ಟು ತಲೆ ತಗ್ಗಿಸಿ ಕೂತಳು. ಅವಳಪ್ಪ, "ಏನಾದ್ರೂ ಕೇಳೋದಿದ್ರೆ ಕೇಳಪ್ಪಾ" ಅಂದ್ರು.

ಮಾತು ಬರೋರು ಎದುರಿಗೇ ಇದ್ದಾರೆ, ತಿಪ್ಪೇಶ ಬಿಡ್ತಾನಾ? "ನಿಮಗೆ ಬೆಳಕೆಷ್ಟು ಬೇಕು? ನೀರೆಷ್ಟು ಬೇಕು? ಗಾಳಿ?"

ಮಾರಕ್ಕ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಲು. ಮುಗೀತು ಕತೆ ಅಂದ್ಕೊಂಡ್ಲು.

ಹುಡುಗಿ ತಲೆ ಎತ್ತಿದ್ಲು. ಅಲ್ಲೀತನಕ ಬಂದೋರೆಲ್ಲ ಹಾಡು ಬರುತ್ತಾ, ಅಡುಗೆ ಬರುತ್ತಾ, ಎಲ್ಲಿ, ನಡೆದು ತೋರಿಸು ಅಂದೋರೇ. ನಿನಗೇನು ಬೇಕಮ್ಮಾ ಅಂತ ಕೇಳಿದೋನು ಒಬ್ಬನಿಲ್ಲ.

"ಬೆಳಗಿನ ಬಿಸಿಲು ಬೇಕು. ನೀರು ಬಾಯಾರಿದಾಗ. ಗಾಳಿ ಮಾತ್ರ ಬೇಕೇಬೇಕು. ಮುಚ್ಚಿಟ್ಟರೆ ನನಗಾಗಲ್ಲ."

"ನಮ್ಮನೇಲಿ ಪೂರ್ವಕ್ಕೇ ಕಿಟಕಿ ಇದೆ. ಮುಚ್ಚಲ್ಲ ಬಿಡಿ!"

"ಅಪ್ಪಾ, ಇವರೇ ಆಗ್ಲಿ."

"ಆರ್ಕಿಡ್ ಬೆಳೆಯೋನು ಅಂದ್ರೆ ಸುಮ್ನೇನಾ!" ಅಂತ ಅವಳಪ್ಪ ತಲೆದೂಗಿದ್ರು.

ಮದುವೆ ಆಯ್ತು. ಸೊಸೆ ಬಂದೋಳೇ, "ಎಲ್ರೀ ಆರ್ಕಿಡ್?" ಅಂದ್ಲು. ಮಾರಕ್ಕ ಅಡುಗೆಮನೆಗೆ ಓಡಿದ್ಲು. ತಿಪ್ಪೇಶ ಇದ್ದದ್ದು ಇದ್ದಂಗೇ ಹೇಳಿದ. ಸೊಸೆ ಬಿದ್ದು ಬಿದ್ದು ನಕ್ಕಳು. ಗಂಡನ ಕೈ ಹಿಡ್ಕೊಂಡು ಹೋಗಿ, ಬುಡೇನ್ ಸಾಬ್ರನ್ನೇ ಕೇಳಿ, ಹೂವಿಲ್ಲದ, ದಪ್ಪ ಎಲೆಯ, ಹಸಿರು ಬೇರಿನ ಗಿಡವೊಂದು ತಂದ್ಲು. "ಇದಕ್ಕೂ ನನ್ನಂಗೇ ಗಾಳಿ ಬೇಕಂತೆ. ಏನನ್ನೂ ಮುಚ್ಚಬೇಡಿ" ಅಂದು ಕಿಟಕಿಗೆ ತೂಗುಹಾಕಿದ್ಲು.

"ಹೂಂ" ಅಂದ ತಿಪ್ಪೇಶ. ಹಾರೆ ತಂದ. ಕಿಟಕಿ ಬಾಗಿಲು ಕಿತ್ತ. ಹಿತ್ತಲ ಬಾಗಿಲು ಕಿತ್ತ. ಬೀದಿ ಬಾಗಿಲೂ ಕಿತ್ತು ಗೋಡೆಗೆ ಒರಗಿಸಿದ!

ಬೀದಿಗೆ ಬೀದಿಯೇ ಬಂದು ನಿಂತಿತು. "ಮಾರಕ್ಕಾ, ಬಾಗಿಲೆಲ್ಲೇ?"

ಮಾರಕ್ಕ ಈ ಸಲ ತಲೆ ಚಚ್ಚಿಕೊಳ್ಳಲಿಲ್ಲ. ಹೊಸ್ತಿಲ ಮೇಲೆ ಕಾಲು ಚಾಚಿ ಕೂತು, ಸೆರಗು ಕೊಡವಿ ಅಂದ್ಲು: "ನನ್ನ ಸೊಸೆ ಗಾಳಿ ಬೇಕು ಅಂದ್ಲು, ನನ್ನ ಮಗ ಕಿತ್ತುಹಾಕಿದ! ನಿಮ್ಮ ಬುದ್ಧಿವಂತ ಮಕ್ಕಳು ಹೆಂಡ್ತಿಗೋಸ್ಕರ ಒಂದು ಚಿಲಕನಾದ್ರೂ ತೆಗೆದಿದ್ದಾರೇನ್ರೇ?"