ಸಿಂಕಿಗೆ ಕುಂಕುಮ

ನಮ್ಮ ಬೀದಿಯ ಹೆಡ್‌ಮೇಷ್ಟ್ರ ಅಡುಗೆಮನೆ ಸಿಂಕಿನ ಸಂದಿ ಸೋರುತ್ತಿತ್ತು. ಪ್ಲಂಬರ್ ಸಿಲಿಕಾನ್ ಅಂಟು ಹಚ್ಚಿ, "ಸಾರ್, ಒಂದು ದಿನ ಒಣಗಲಿ, ಮುಟ್ಟಬೇಡಿ" ಅಂದ. ಎರಡು ಸಲ ಹಚ್ಚಿದರೂ ಸೋರುವುದು ನಿಲ್ಲಲಿಲ್ಲ.

"ಇನ್ನೊಂದು ಸಲ ಸೋರಲಿ, ಈ ಬೀದೀಲಿ ಯಾರೂ ನಿನ್ನ ಕರೆಯದ ಹಾಗೆ ಮಾಡ್ತೀನಿ" ಅಂತ ಮೇಷ್ಟ್ರು ಬೆರಳು ಆಡಿಸಿದರು. ಬೆರಳ ತುದಿಯಲ್ಲಿ ಸಿಲಿಕಾನ್ ಅಂಟಿತ್ತು.

ಪ್ಲಂಬರ್ ಆ ಬೆರಳನ್ನೇ ನೋಡಿದ. ಮೂರನೇ ಸಲ ಹಚ್ಚಿದ. ಮೇಷ್ಟ್ರ ಹೆಂಡತಿಯಿಂದ ಅರಿಶಿನ ಕುಂಕುಮ ಇಸ್ಕೊಂಡು ಸಿಂಕಿಗಿಟ್ಟ. ಮೇಲೊಂದು ದಾಸವಾಳ ಇಟ್ಟು, ಕೈಮುಗಿದು ಹೊರಟ.

ಮೇಷ್ಟ್ರು ಒತ್ತಿ ನೋಡಲು ಬೆರಳು ಚಾಚಿದರು.

"ರೀ, ನಿಮ್ಮದಿನ್ನೂ ಸ್ನಾನ ಆಗಿಲ್ಲ" ಅಂದರು ಹೆಂಡತಿ. ಬೆರಳು ಹಿಂದೆ ಬಂತು.

ಮೂರು ದಿನ ಕಳೆದು ಮೇಷ್ಟ್ರೇ ಫೋನು ಮಾಡಿದರು. "ಸಂದಿ ಗಟ್ಟಿ ಕೂತಿದೆ ಕಣಯ್ಯಾ. ಇವಳು ಮಾತ್ರ ಸಿಂಕಲ್ಲಿ ಎಂಜಲು ಪಾತ್ರೆ ಇಡೋಕೆ ಬಿಡ್ತಿಲ್ಲ. ಬಚ್ಚಲಲ್ಲಿ ಕೂತು ನಾನೇ ತೊಳೀತಿದೀನಿ. ವಿಸರ್ಜನೆ ಯಾವಾಗ ಅಂತ ನೀನೇ ಬಂದು ಹೇಳಪ್ಪ."