ಕೊಡದೊಳಗೆ ಇಳಿದ ಕಾಡವ್ವ

ಹೊಳೆಯ ಈ ದಂಡೆಗೆ ಒಂದು ಮಠ, ಆ ದಂಡೆಗೆ ಒಂದು ಕಾಡು. ಮಠ ಕರಿಬಸಜ್ಜಾರದ್ದು. ಕಾಡು ಯಾರದ್ದು ಅಂದರೆ, ಒಬ್ಬರದ್ದೂ ಅಲ್ಲ, ಹಾಗಾಗಿ ಎಲ್ಲರದ್ದೂ. ಸರಕಾರ ಕಾಯುತ್ತಿತ್ತು, ಊರು ಬಳಸುತ್ತಿತ್ತು, ಹಾಗೇ ನಡೆದುಕೊಂಡು ಬಂದಿತ್ತು.

ಅಜ್ಜಾರ ಹತ್ತಿರ ಒಬ್ಬ ಶಿಷ್ಯನಿದ್ದ. ಹೆಸರು ಮುದ್ದವೀರ. ಒಳ್ಳೆಯ ಜೀವ, ಆದರೆ ಕೂತಲ್ಲಿ ಕೂರುವ ಜೀವವಲ್ಲ. ಜಪಕ್ಕೆ ಕೂತರೆ ಕಾಲು ಅಲ್ಲಾಡಬೇಕು. ಅಂಗಳ ಗುಡಿಸಲು ಹೋದರೆ ಅರ್ಧಕ್ಕೇ ಕಸಬರಿಗೆ ಬಿಸಾಕಿ ನೀರು ತರಲು ಓಡಬೇಕು.

ಒಂದು ಬೆಳಗ್ಗೆ ಹೊಳೆಯ ಆಚೆಯಿಂದ ಕೊಡಲಿ ಸದ್ದು ಬಂತು.

ಮುದ್ದವೀರ ಜಪದ ನಡುವೆಯೇ ಎದ್ದ.

“ಅಜ್ಜಾರ, ಕೇಳಿಸ್ತೇನ್ರಿ?”

“ಕೇಳಿಸ್ತು.”

“ಚನ್ನಬಸು ಸಾವ್ಕಾರ ಕಾಡು ಗುತ್ತಿಗಿ ಹಿಡದಾನ್ರಿ. ಸರಕಾರದವರ ಕೊಟ್ಟಾರ. ಕಡಿಯೋ ಮರಕ್ಕೆಲ್ಲ ಸುಣ್ಣದ ಪಟ್ಟಿ ಬಳದಾರ. ಗುಡ್ಡ ಅನ್ನೋದು ಬೆಳ್ಳಗ ಕಾಣಾಕತ್ತೈತಿ.”

“ಹೌದಾ.”

“ಹೌದಾ ಅಂತೀರಲ್ರಿ! ಏನರ ಮಾಡ್ರಿ.”

“ಏನ ಮಾಡ್ಲಿ?”

“ಶಾಪಾ ಕೊಡ್ರಿ.”

ಅಜ್ಜಾರು ನಕ್ಕರು. “ನನ್ನ ಶಾಪಕ್ಕ ಮಠದ ಬೆಕ್ಕು ಸೈತ ಹೆದರಂಗಿಲ್ಲ. ನೀ ಊರಾಗ ಹೋಗು. ಆ ಕಾಡು ಯಾರ್ಯಾರಿಗೆ ಯಾಕ ಬೇಕು ಅಂತ ಮನಿ ಮನಿ ಕೇಳ್ಕೊಂಡು ಬಾ.”

ಮುದ್ದವೀರ ಹೊರಟ. ಆದರೆ ಊರಿನ ದಾರಿ ಒಂದು ಕಡೆ, ಕೊಡಲಿ ಸದ್ದು ಇನ್ನೊಂದು ಕಡೆ. ಮನೆ ಮನೆ ತಿರುಗಿ ಕೇಳುವಷ್ಟರಲ್ಲಿ ಎಷ್ಟು ಮರ ಉರುಳುತ್ತವೋ ಅಂದುಕೊಂಡ. ಅರ್ಧ ದಾರಿಯಿಂದ ತಿರುಗಿ ಬಂದ. ಮಠದ ಪೂಜೆಯ ತಟ್ಟೆಯಿಂದ ಅರಿಷಿಣ ಕುಂಕುಮ ಮಡಿಲಿಗೆ ಸುರಿದುಕೊಂಡ. ಹರಗೋಲು ಹತ್ತಿ ಹೊಳೆ ದಾಟಿದ.

ದಂಡೆಯಲ್ಲಿ ನುಣ್ಣನೆಯ ಕಲ್ಲು ಆರಿಸಿದ. ಸುಣ್ಣದ ಪಟ್ಟಿ ಇದ್ದ ದೊಡ್ಡ ದೊಡ್ಡ ಮರಗಳ ಬುಡಕ್ಕೆ ಒಂದೊಂದು ಇಟ್ಟ. ಅರಿಷಿಣ ಬಳಿದ, ಕುಂಕುಮ ಹಚ್ಚಿದ, ಕಾಡಹೂವು ಏರಿಸಿದ. ಆಮೇಲೆ ಗಂಟಲು ಹರಿಯುವ ಹಾಗೆ ಕೂಗಿದ.

“ಕಾಡವ್ವ ಮೂಡ್ಯಾಳ್ರಪೋ! ಕಾಡವ್ವ ಮೂಡ್ಯಾಳ!”

ಕೊಡಲಿಯವರು ಓಡಿ ಬಂದರು. ಕಲ್ಲು ನೋಡಿದರು, ಚಪ್ಪಲಿ ಬಿಟ್ಟರು, ಕೊಡಲಿ ನೆಲಕ್ಕಿಟ್ಟು ಕೈ ಮುಗಿದರು. ಹೊಟ್ಟೆಪಾಡಿಗೆ ಮರ ಕಡಿಯುವವರು ಪಾಪ, ದೇವರಿದ್ದ ಮರಕ್ಕೆ ಏಟು ಹಾಕುವ ಜನವಲ್ಲ.

ಮುದ್ದವೀರ ಕುಣಿಯುತ್ತಾ ಮಠಕ್ಕೆ ಬಂದ.

“ನಿಂತ್ರೀ ಅಜ್ಜಾರ! ಕೊಡಲಿ ನಿಂತ್ವು!”

ಅಜ್ಜಾರು ಎಲ್ಲ ಕೇಳಿಸಿಕೊಂಡರು.

“ಊರಾಗ ಕೇಳಿದೇನು?”

“ಅದಕ್ಕ ಹೊತ್ತೆಲ್ಲೈತ್ರಿ? ಕೆಲಸ ಆತಲ್ಲ.”

“ಸಾವ್ಕಾರ ಗುಡಿ ಕಟ್ಟಿಸಿದ ಮನಷಾ, ತಮ್ಮಾ.”

“ಅದಕ್ಕ ಹೆದರ್ತಾನ್ರಿ.”

“ಗುಡಿ ಕಟ್ಟಿಸಿದವಗ ದೇವರನ್ನ ಎಬ್ಬಿಸೋದೂ ಗೊತ್ತಿರತೈತಿ” ಅಂದರು ಅಜ್ಜಾರು.

ಆ ಮಾತು ಮುದ್ದವೀರನಿಗೆ ಮುಳ್ಳಿನ ಹಾಗೆ ಚುಚ್ಚಿತು. ಉಣ್ಣಲು ಕೂತ, ಎದ್ದ. ದಂಡೆಗೆ ಹೋಗಿ ನೋಡಿದ, ಬಂದ. ಮತ್ತೆ ಹೋದ.

ಸಾವ್ಕಾರ ಬಂದೇ ಬಂದ. ಕಲ್ಲಿನ ಮುಂದೆ ಉದ್ದಕ್ಕೆ ಮಲಗಿದ. ಕೆನ್ನೆ ಕೆನ್ನೆ ಬಡಿದುಕೊಂಡ. “ತಪ್ಪಾತು ತಾಯಿ, ನೀ ಇಲ್ಲಿ ಬಿಸಲಾಗ ಮಳಿಯಾಗ ಕುಂತೀ ಅಂತ ಗೊತ್ತಿರಲಿಲ್ಲ” ಅಂತ ಕಣ್ಣೀರನ್ನೂ ಹಾಕಿದ.

ಮರುದಿನ ಒಬ್ಬ ಐನೋರನ್ನು ಕರೆತಂದ. ಹಳೆಯ ಗುಡಿ ಕೆಡವಿ ಹೊಸದು ಕಟ್ಟುವಾಗ ದೇವರನ್ನು ಮಂತ್ರ ಹೇಳಿ ನೀರಿನ ಕೊಡಕ್ಕೆ ಇಳಿಸುತ್ತಾರಲ್ಲ, ಕಳಾಕರ್ಷಣೆ ಅಂತ, ಅದನ್ನೇ ಮಾಡಿಸಿದ. ಐನೋರು ಒಂದೊಂದು ಮರದ ಬುಡಕ್ಕೂ ಹೋದರು. ದರ್ಭೆಯ ಒಂದು ತುದಿ ಕಲ್ಲಿಗೆ ಮುಟ್ಟಿಸಿದರು, ಇನ್ನೊಂದು ತುದಿ ಕೊಡಕ್ಕೆ. ಮಂತ್ರ ಮುಗಿಯಿತು. ಕಾಡವ್ವ ಕೊಡದೊಳಗೆ ಇಳಿದಳು.

ಕೊಡ ಹೊತ್ತವರ ಹಿಂದೆ ಡೊಳ್ಳು, ಡೊಳ್ಳಿನ ಹಿಂದೆ ಊರು. ಊರ ಮುಂದಿನ ಕಟ್ಟೆಯ ಮೇಲೆ ದೇವಿಯನ್ನು ಕೂರಿಸಿ ಕಾಯಿ ಒಡೆದರು. ಸಾವ್ಕಾರ ಎಲ್ಲರಿಗೂ ಗೋಧಿ ಹುಗ್ಗಿ ಬಡಿಸಿದ, ತುಪ್ಪವನ್ನೂ ಹಾಕಿದ.

ಮುದ್ದವೀರ ಗುಂಪಿನಲ್ಲಿ ನಿಂತಿದ್ದ. ತನ್ನ ಪಾಲಿನ ಹುಗ್ಗಿಯನ್ನು ಪಕ್ಕದವನ ಎಲೆಗೆ ಹಾಕಿದ.

“ಕಾಡು ಕಡದ್ರ ಹೆಂಗ್ರೋ?” ಅಂತ ಹಿಂದಿನ ವಾರ ಗೊಣಗುತ್ತಿದ್ದ ಕುರುಬರ ಮುದುಕನೇ ಈಗ ಕೈ ತೊಳೆಯುತ್ತಾ ಅಂದ, “ತಾಯಿನ ಎದ್ದು ಬಂದಳಲ್ಲಪಾ. ಇನ್ನೇನ ಉಳೀತು ಅಲ್ಲಿ? ಬರೇ ಮರ.”

ಮಧ್ಯಾಹ್ನಕ್ಕೆ ಮೊದಲ ಮರ ಬಿತ್ತು. ಆ ಸದ್ದಿಗೆ ಮಠದ ಮಾಡಿನ ಪಾರಿವಾಳಗಳೆಲ್ಲ ಒಮ್ಮೆಗೇ ಮೇಲೆದ್ದವು.

ಮುದ್ದವೀರ ಮಠಕ್ಕೆ ಬಂದು ಅಜ್ಜಾರ ಕಾಲ ಹತ್ತಿರ ಕೂತ.

“ಕೊಡಲಿ ಅವರದಲ್ರೀ ಅಜ್ಜಾರ, ನಂದು. ಮೊದಲು ಊರ ಮಂದಿಗೆ ಅಳುಕರ ಇತ್ತು. ನಾ ದೇವರನ್ನ ಇಟ್ಟೆ, ಅವ ದೇವರನ್ನ ತಗದ. ಈಗ ಅಳುಕೂ ಹೋತು.”

ಅಜ್ಜಾರು ಸಮಾಧಾನ ಹೇಳಲಿಲ್ಲ.

“ಈಗೇನ ಮಾಡ್ತಿ?”

“ಹೋಗಿ ಖರೇ ಹೇಳ್ತೀನ್ರಿ.”

“ಬಡೀತಾರ.”

“ಬಡೀಲಿ. ಇಲ್ಲಿ ಕುಂತು ಮರ ಬೀಳೋದು ಕೇಳೋದಕ್ಕಿಂತ ಅದ ವಾಸಿ.”

“ಹಂಗಾದ್ರ ಓಡಬ್ಯಾಡ, ನಡಕೊಂತ ಹೋಗು” ಅಂದರು ಅಜ್ಜಾರು. “ಕಾಲು ಮುಂದ, ಬಾಯಿ ಹಿಂದ ಆದ್ರ ಮಂದಿಗೆ ತಿಳಿಯಂಗಿಲ್ಲ.”

ಕಟ್ಟೆಯ ಮುಂದೆ ಜನ ಇನ್ನೂ ಇದ್ದರು. ಮುದ್ದವೀರ ನಿಂತು, ಕಲ್ಲು ಎಲ್ಲಿಂದ ತಂದೆ, ಕುಂಕುಮ ಎಲ್ಲಿಂದ ತಂದೆ ಅನ್ನುವುದನ್ನೆಲ್ಲ ಹೇಳಿಬಿಟ್ಟ.

ಎಲ್ಲರೂ ಒಟ್ಟಿಗೇ ಅವನ ಮೈಮೇಲೆ ಬಿದ್ದರು. ಯಾರೋ ಅಂಗಿ ಹಿಡಿದು ಜಗ್ಗಿದರು, ಯಾರೋ ಬೆನ್ನಿಗೆ ಗುದ್ದಿದರು.

ಪತ್ರಾವಳಿ ಹಚ್ಚಿ ಮಾರುವ ನೀಲವ್ವ ಎಲ್ಲರನ್ನೂ ಸರಿಸಿ ಮುಂದೆ ಬಂದಳು. “ಎಲಾ ಇವನ! ನಾ ಎರಡು ಕಾಯಿ ಒಡಿಸೀನಲ್ಲೋ ನಿನ್ನ ಹೊಳಿ ಕಲ್ಲಿಗೆ! ಮಗಳಿಗೆ ಗಂಡು ಹುಟ್ಲಿ ಅಂತ ಬ್ಯಾರೆ ಬೇಡ್ಕೊಂಡೀನಿ. ಈಗ ಯಾರ ಕೊಡವರು, ನೀ ಕೊಡ್ತೀ?”

ಬಡಿಯುತ್ತಿದ್ದವರಿಗೂ ನಗು ಬಂತು. ಕೈ ಸಡಿಲಾದವು.

ಮುದ್ದವೀರ ತುಟಿಯ ರಕ್ತ ಒರೆಸಿಕೊಂಡ. “ಯವ್ವಾ, ಅಜ್ಜಾರು ಮೊದಲ ಒಂದು ಮಾತು ಕೇಳಾಕ ಕಳಿಸಿದ್ರು. ನಾ ಕೇಳಲಿಲ್ಲ. ಈಗ ಕೇಳ್ತೀನಿ. ನಿನಗ ಆ ಕಾಡು ಯಾಕ ಬೇಕು?”

“ಯಾಕ ಅಂದ್ರ? ಮುತ್ತಲ ಎಲಿ ನಿಮ್ಮಪ್ಪ ತಂದು ಕೊಡ್ತಾನೇನು?” ಅಂದಳು ನೀಲವ್ವ. ಮುತ್ತಲ ಮರಗಳಿಗೂ ಸುಣ್ಣ ಬಳಿದಿದ್ದು ಅವಳಿಗೆ ಆಗ ನೆನಪಾಯಿತು.

“ನನ್ನ ಕುರಿಗೆ ಸೊಪ್ಪು” ಅಂದ ಕುರುಬರ ಮುದುಕ, ಮೆಲ್ಲಗೆ.

“ಬಾಣಂತಿ ಕಷಾಯದ ತೊಗಟಿ ಇನ್ನೆಲ್ಲಿ ಸಿಗತೈತಿ?” ಅಂದಳು ಸೂಲಗಿತ್ತಿ.

ನೇಗಿಲಿಗೆ ಬಾಗಿದ ಕೊಂಬೆ ಅಂದ ಒಬ್ಬ. ಜೇನು ಅಂದ ಇನ್ನೊಬ್ಬ. ಮಾತಿನ ಮೇಲೆ ಮಾತು ಬಿತ್ತು. ಹೊಳೆಯಾಚೆ ಇನ್ನೊಂದು ಮರ ಬಿತ್ತು. ಈ ಸಲ ಎಲ್ಲರೂ ಆ ಕಡೆ ತಿರುಗಿದರು.

ಬೆಳಗಾಗುವುದನ್ನೇ ಕಾದು ಊರು ಹೊಳೆ ದಾಟಿತು. ಹಿಂದಿನ ಹರಗೋಲಿನಲ್ಲಿ ಅಜ್ಜಾರು.

ಯಾರೂ ಕೂಗಲಿಲ್ಲ, ಕಲ್ಲು ಎತ್ತಲಿಲ್ಲ. ನೀಲವ್ವ ಮುತ್ತಲ ಮರದ ಕೆಳಗೆ ಕೂತು ಎಲೆಗೆ ಕಡ್ಡಿ ಚುಚ್ಚತೊಡಗಿದಳು. ಕುರುಬ ಕುರಿ ಬಿಟ್ಟುಕೊಂಡು ತನ್ನ ಸೊಪ್ಪಿನ ಮರಕ್ಕೆ ಒರಗಿದ. ಸೂಲಗಿತ್ತಿ ತನ್ನ ಮರದ ಬೇರಿನ ಮೇಲೆ ಕಾಲು ಚಾಚಿದಳು. ಜೇನಿನವನು, ನೇಗಿಲಿನವನು, ಒಬ್ಬೊಬ್ಬರಿಗೆ ಒಂದೊಂದು ಮರ. ಬುಡದಲ್ಲಿ ಮನುಷ್ಯ ಕೂತಿರುವಾಗ ಕೊಡಲಿಯವರು ಎಲ್ಲಿ ಬೀಸಬೇಕು? ಬೀಡಿ ಹಚ್ಚಿ ಕೂತರು.

ಸಾವ್ಕಾರ ಬೆವರುತ್ತಾ ಬಂದ.

“ಈಗ ಯಾವ ದೇವಿ ಮೂಡ್ಯಾಳ? ಹೇಳ್ರಿ, ಆಕಿನ್ನೂ ಇಳಸ್ತೀನಿ.”

“ದೇವಿ ಇಲ್ಲೋ ಸಾವ್ಕಾರ, ನಾ ಅದೀನಿ” ಅಂದಳು ನೀಲವ್ವ, ಎಲೆಯಿಂದ ಕಣ್ಣು ತೆಗೆಯದೆ. “ನನ್ನೂ ಕೊಡದಾಗ ತುಂಬ್ತೀಯೇನು? ದೊಡ್ಡ ಕೊಡ ಬೇಕಾಗತೈತಿ ನೋಡು.”

ಕೊಡಲಿಯವರೂ ನಕ್ಕರು. ಸಾವ್ಕಾರ ನಗಲಿಲ್ಲ. ವ್ಯಾಪಾರಸ್ಥ, ನಿಂತಲ್ಲೇ ಲೆಕ್ಕ ಹಾಕಿದ.

“ಆತು. ನಾನೂ ಈ ಊರವನ. ನಿಮಗ ಬೇಕಾದ ಮರ ನಿಮಗ. ಬ್ಯಾಡಾದ್ದು ನನಗ. ಒಪ್ಪೀರೇನು?”

ಜನ ಮುಖ ಮುಖ ನೋಡಿಕೊಂಡರು. ತಪ್ಪೇನಿದೆ ಅನ್ನಿಸಿತು.

ಸಾವ್ಕಾರ ಸ್ವಲ್ಪ ದೂರದ ಒಂದು ಮರಕ್ಕೆ ಬೆರಳು ಮಾಡಿದ. “ಅದು ಯಾರಿಗೆ ಬೇಕು?”

ನೆಟ್ಟಗೆ ಮೇಲೆ ಹೋದ ಮರ. ಹಣ್ಣಿಲ್ಲ. ಸೊಪ್ಪು ಕುರಿ ಮೂಸುವುದಿಲ್ಲ. ತೊಗಟೆ ಮದ್ದಲ್ಲ. ಜೇನೂ ಕಟ್ಟುವುದಿಲ್ಲ. ಅದರ ಹೆಸರು ಕೂಡ ಅಲ್ಲಿದ್ದವರಿಗೆ ಬರಲಿಲ್ಲ.

ಎಲ್ಲರೂ ತಂತಮ್ಮ ಮರಕ್ಕೇ ಇನ್ನಷ್ಟು ಒತ್ತಿ ಕೂತರು.

ಮುದ್ದವೀರ ಅಜ್ಜಾರ ಕಿವಿಯಲ್ಲಿ ಪಿಸುಗುಟ್ಟಿದ. “ಅದೊಂದು ಹೋದ್ರ ಹೋಗ್ಲಿ ಬಿಡ್ರಿ. ಉಳದದ್ದು ಉಳೀತೈತಿ. ನನಗ ಸಾಕಾಗೈತಿ ಅಜ್ಜಾರ, ಇದು ಇವತ್ತ ಮುಗೀಲಿ.”

“ಕತ್ತೆತ್ತಿ ನೋಡು” ಅಂದರು ಅಜ್ಜಾರು.

ಮುದ್ದವೀರ ನೋಡಿದ. ಆ ಮರದ ಹಿಂದೆ ಅಂಥದೇ ಇನ್ನೊಂದು. ಅದರ ಹಿಂದೆ ಇನ್ನೊಂದು. ಗುಡ್ಡದ ನೆತ್ತಿಯವರೆಗೂ ಹೆಸರಿಲ್ಲದ ಮರಗಳೇ, ಎಲ್ಲದಕ್ಕೂ ಸುಣ್ಣದ ಪಟ್ಟಿ. ಊರವರು ಕೂತ ಮರಗಳು ಕಾಡಿನ ಒಂದು ಅಂಚು ಮಾತ್ರ.

ತಿರುಗಿ ನೋಡುತ್ತಾನೆ, ಅಜ್ಜಾರು ಪಕ್ಕದಲ್ಲಿಲ್ಲ.

ಅಜ್ಜಾರು ಕೋಲು ಊರಿಕೊಂಡು ಮೆಲ್ಲಗೆ ನಡೆದು, ಆ ಮರದ ಬುಡದಲ್ಲಿ ಕಂಬಳಿ ಹಾಸಿ ಕೂತಿದ್ದರು.

ಸಾವ್ಕಾರ ಓಡಿ ಹೋಗಿ ಕೈ ಮುಗಿದ.

“ಅಜ್ಜಾರ, ಏಳ್ರಿ. ಈ ಮರದಿಂದ ನಿಮಗೇನ ಬೇಕ್ರಿ?”

“ಏನೂ ಬ್ಯಾಡಪಾ.”

“ಮತ್ತ ಯಾಕ ಕುಂತೀರಿ?”

ಅಜ್ಜಾರು ಕೋಲನ್ನು ಪಕ್ಕಕ್ಕೆ ಇಟ್ಟರು.

“ಬೇಕಾದವರೆಲ್ಲಾ ಬೇಕಾದ ಮರದ ಕೆಳಗ ಕುಂತಾರ. ಏನೂ ಬ್ಯಾಡಾದವ ಎಲ್ಲಿ ಕುಂದರಬೇಕು, ನೀ ಹೇಳು.”