ಚಿತ್ತಾರಿಯ ಹಿಕ್ಕೆ, ಮೂರು ಬೆಳ್ಳಿತಟ್ಟೆ

"ಕೇಳಿರಿ! ರಾಜಕುಮಾರಿ ಪದ್ಮಲೆಯವರ ಮುದ್ದಿನ ಕೋಳಿ ಚಿತ್ತಾರಿಗೆ ವಿಷವಿಕ್ಕಲಾಗಿದೆಯೆಂಬ ಸಂಶಯವಿದೆ. ಮೂರು ಬೆಳ್ಳಿತಟ್ಟೆಗಳಲ್ಲಿ ಹಿಕ್ಕೆಯನ್ನಿಟ್ಟು ದೊರೆ ಬಿಜ್ಜರಸರು ಮೂರು ಒಗಟು ಕೇಳುವರು. ಬಿಡಿಸಿದವನು ಬೇಡಿದ್ದನ್ನು ಪಡೆಯುವನು. ತಪ್ಪಿದವನ ತಲೆ ಉಳಿಯದು. ಅಮಾವಾಸ್ಯೆಯೊಳಗೆ ಯಾರೂ ಬಿಡಿಸದಿದ್ದರೆ ಕೋಳಿಯನ್ನು ಸುಟ್ಟು, ಅದನ್ನು ಸಾಕುವ ಹೊನ್ನಮ್ಮನನ್ನು ಶೂಲಕ್ಕೇರಿಸಲಾಗುವುದು!"

ಡಂಗುರ ಕೇಳಿ ಮೊದಲು ಬಂದವನು ನೆರೆನಾಡಿನ ಅರಸುಮಗ. ಮೂಗಿಗೆ ಸುಗಂಧದ ವಸ್ತ್ರ ಹಿಡಿದು ಮೊದಲ ತಟ್ಟೆಯನ್ನು ನೋಡಿದ. "ಹಾವಿನ ವಿಷ. ಸಂಜೆಯೊಳಗೆ ಕೋಳಿ ಸಾಯುತ್ತದೆ" ಎಂದ. ಮರುದಿನ ಬೆಳಿಗ್ಗೆ ಕೋಳಿ ಬದುಕಿತ್ತು, ಅವನಿರಲಿಲ್ಲ. ಅನಂತರ ಬಂದ ಮಾಂತ್ರಿಕ ಪ್ರೇತದ ಕಾಟವೆಂದು ಮೇಕೆಯನ್ನು ಬಲಿ ಕೊಡಿಸಿದ. ಮೇಕೆ ಹೋಯಿತು, ನಾತ ಹೋಗಲಿಲ್ಲ. ಅವನ ತಲೆಯೂ ಹೋಯಿತು.

ಅಮಾವಾಸ್ಯೆಯ ದಿನ ಸಭೆಗೆ ಬಂದವನು ಹೊನ್ನಮ್ಮನ ತಮ್ಮ ತಿಪ್ಪ. ಬುಟ್ಟಿ ಹೆಣೆದು ಬದುಕುವವನು. ಅವನು ಕೈ ಮುಗಿದನಾದರೂ ತಲೆ ಬಾಗಲಿಲ್ಲ.

"ಅಕ್ಕನಿಗಾಗಿ ಸಾಯಲು ಬಂದೆಯೇನೋ?" ಎಂದು ದಂಡನಾಯಕ ನಕ್ಕ.

"ಸಾಯುವುದಕ್ಕಾದರೆ ಇಷ್ಟು ದೂರ ನಡೆಯಬೇಕಿತ್ತೇ, ಬುದ್ಧಿ? ಒಗಟು ಕೇಳಿಸಿ."

ಬಿಜ್ಜರಸ ಹುಬ್ಬು ಗಂಟಿಕ್ಕಿದ. "ಮೊದಲನೆಯದು. ದಿನವಿಡೀ ಏನೂ ಇಲ್ಲ. ಬಿದ್ದರೆ ಮುಷ್ಟಿಗಾತ್ರ, ಅರಮನೆಯೆಲ್ಲ ನಾರುತ್ತದೆ. ಯಾವ ಕೇಡಿದು? ಎರಡನೆಯದು. ಮೈಮೇಲೆ ಗಾಯವಿಲ್ಲ, ಹಿಕ್ಕೆ ಕೆಂಪು. ಆ ಕೆಂಪು ಎಲ್ಲಿಂದ ಬಂತು? ಮೂರನೆಯದು. ಮುಚ್ಚಿದ ತಟ್ಟೆಯಲ್ಲಿರುವುದು ಯಾರದು, ಅದರ ಗತಿಯೇನು?"

ತಿಪ್ಪ ತಟ್ಟೆಗಳನ್ನು ನೋಡಲಿಲ್ಲ. "ಕೋಳಿ ಎಲ್ಲಿ?" ಎಂದ.

"ಅಂತಃಪುರದ ಯಾವ ಜೀವವೂ ಹೊರಗಿನ ಗಂಡಸಿನ ಕಣ್ಣಿಗೆ ಬೀಳಬಾರದು. ಇದು ನಮ್ಮ ಮನೆತನದ ಕಟ್ಟಳೆ" ಎಂದ ದಂಡನಾಯಕ.

"ಕೋಳಿಗೂ ಗೋಷೆಯೇ?" ತಿಪ್ಪನ ದನಿ ಏರಿತು. "ಇಬ್ಬರ ತಲೆ ತೆಗೆಸಿದಿರಿ. ಅಕ್ಕನ ಕಾಲಿಗೆ ಸಂಕೋಲೆ ಹಾಕಿದಿರಿ. ಆ ಕೋಳಿ ಮೇಯುತ್ತದೆಯೇ, ಕಣ್ಣು ಬಿಡುತ್ತದೆಯೇ, ನಿಮ್ಮಲ್ಲಿ ಒಬ್ಬರಾದರೂ ಬಗ್ಗಿ ನೋಡಿದಿರೇ? ಹಿಕ್ಕೆಯನ್ನಷ್ಟೇ ನೋಡಿ ರೋಗ ಹೇಳುವವನಲ್ಲ ನಾನು!"

ಪರದೆಯ ಹಿಂದಿನಿಂದ ಪದ್ಮಲೆ ಬಂದಳು. ಕಂಕುಳಲ್ಲಿ ಚಿತ್ತಾರಿ. "ನಾನು ನೋಡುತ್ತಿದ್ದೆ. ನನ್ನನ್ನು ಯಾರೂ ಕೇಳಲಿಲ್ಲ" ಎಂದು ತಂದೆಯತ್ತ ಕಿಡಿಕಾರಿದಳು.

ನೆಲಕ್ಕಿಟ್ಟೊಡನೆ ಚಿತ್ತಾರಿ ಗರಿ ಕೆದರಿ, ಗೊರಗುಟ್ಟಿ, ದಂಡನಾಯಕನ ಪಾದಕ್ಕೆ ಕುಕ್ಕಿತು. ಜುಟ್ಟು ಕೆಂಪಾಗಿತ್ತು, ಕಣ್ಣು ಹೊಳೆಯುತ್ತಿತ್ತು. ತಿಪ್ಪ ಅದರ ಎದೆಯಡಿ ಕೈಯಿಟ್ಟು ನೋಡಿದ. ಅಲ್ಲಿ ಗರಿ ಉದುರಿ ಚರ್ಮ ಬಿಸಿಯಾಗಿತ್ತು.

"ಇದು ಕಾವಿಗೆ ಕೂತಿದೆ. ಗೂಡು ಹೊಲಸಾಗದಿರಲೆಂದು ತಡೆದುಕೊಂಡು, ಎದ್ದಾಗ ಒಮ್ಮೆಗೇ ಹಾಕುತ್ತದೆ. ನಾರುವುದು ಸಹಜ. ಇನ್ನು ಆ ಕೆಂಪು... ತಾಯಿ, ಎದ್ದಾಗ ಇದು ಎಲ್ಲಿ ಮೇಯುತ್ತದೆ?"

"ಬಸಳೆಯ ಚಪ್ಪರದ ಕೆಳಗೆ" ಎಂದಳು ಪದ್ಮಲೆ. "ಉದುರಿದ ಹಣ್ಣೆಂದರೆ ಪ್ರಾಣ."

ತಿಪ್ಪ ಎರಡನೆಯ ತಟ್ಟೆಗೆ ನೀರು ಸುರಿದ. ನೀರು ನೇರಳೆಗೆ ತಿರುಗಿತು; ಬಸಳೆಯ ಬೀಜಗಳು ಕಂಡವು. "ರಕ್ತವಲ್ಲ ದೊರೆಯೇ, ಹಣ್ಣಿನ ರಸ."

ಮೂರನೆಯ ತಟ್ಟೆಯ ರೇಷ್ಮೆ ಸರಿಸಿ ಬಗ್ಗಿ ನೋಡಿದ. ಹಸಿರು ನೀರು, ಅದರಲ್ಲಿ ರಕ್ತದ ಎಳೆ. ಕಾಳಿನ ಗುರುತೇ ಇಲ್ಲ.

"ಇದು ಚಿತ್ತಾರಿಯದಲ್ಲ. ಇದನ್ನು ಹಾಕಿದ್ದು ಮೇವು ಬಿಟ್ಟಿದೆ. ಇದಕ್ಕೆ ರೋಗವಿದೆ. ಉಳಿಯುವುದು ಕಷ್ಟ."

ಬಿಜ್ಜರಸ ಗಹಗಹಿಸಿದ. "ಸಿಕ್ಕಿಬಿದ್ದೆ! ಅದು ನನ್ನ ಕಾಳಗದ ಹುಂಜದ್ದು. ಎಂದೂ ಸೋತದ್ದಲ್ಲ. ತನ್ನಿ ಅದನ್ನು!"

ತಂದರು. ರೆಕ್ಕೆ ಜೋತುಬಿದ್ದಿತ್ತು, ರೆಪ್ಪೆ ಮುಚ್ಚಿತ್ತು. ನೆಲಕ್ಕಿಟ್ಟರೆ ನಿಲ್ಲಲಿಲ್ಲ.

"ಯಾಕೆ ಹೇಳಲಿಲ್ಲ?" ದೊರೆ ಗುಡುಗಿದ.

ಹುಂಜದ ಕಾವಲಿನವನು ಅಡ್ಡಬಿದ್ದು, "ಹೇಳಿದ್ದರೆ ಹೊನ್ನಮ್ಮನ ಪಕ್ಕದಲ್ಲಿ ಇನ್ನೊಂದು ಶೂಲ ನೆಡಿಸುತ್ತಿದ್ದಿರಿ, ಪ್ರಭು" ಎಂದ.



"ಏನು ಬೇಕು, ಕೇಳು" ಎಂದ ಬಿಜ್ಜರಸ ಕೊನೆಗೆ.

"ಅಕ್ಕನನ್ನು ಬಿಡಿ. ಆ ಹುಂಜವನ್ನೂ ಅವಳ ಕೈಗೆ ಕೊಡಿ, ಆದರೆ ಚಿತ್ತಾರಿಯಿಂದ ದೂರವಿಡಿ. ಸತ್ತ ಇಬ್ಬರನ್ನು ಕೊಡಿ ಎಂದರೆ ನಿಮ್ಮಿಂದಾಗದು."

ದೊರೆ ಅರ್ಧ ರಾಜ್ಯವನ್ನೇ ಕೊಟ್ಟನೆಂದು ಹೇಳುವವರಿದ್ದಾರೆ. ಕತೆಗೊಂದರಂತೆ ಅರ್ಧ ರಾಜ್ಯ ಹಂಚಿದ್ದರೆ ಯಾವ ರಾಜನ ಬಳಿಯೂ ರಾಜ್ಯ ಉಳಿಯುತ್ತಿರಲಿಲ್ಲ. ಕೊಟ್ಟದ್ದು ಹೊನ್ನಮ್ಮನ ಬಿಡುಗಡೆ. ಅಂದಿಗೆ ಅದೇ ದೊಡ್ಡದಾಗಿತ್ತು.

ಸಂಕೋಲೆ ಕಳಚಿದೊಡನೆ ಹೊನ್ನಮ್ಮ ಯಾರಿಗೂ ನಮಸ್ಕರಿಸಲಿಲ್ಲ. ನೇರವಾಗಿ ಅಂತಃಪುರದ ಗೂಡಿಗೆ ಹೋಗಿ, ಹುಲ್ಲಿನಲ್ಲಿ ಕೈಯಾಡಿಸಿ, ಬರಿಗೈಯಲ್ಲಿ ಸಭೆಗೆ ಮರಳಿದಳು.

"ಚಿತ್ತಾರಿಯ ಮೊಟ್ಟೆಗಳೆಲ್ಲಿ?"

ವಿಷವಿರಬಹುದೆಂದು ಅವನ್ನೆಲ್ಲ ಒಡೆಸಿದ್ದು ಬಿಜ್ಜರಸನೇ. ಅಂದು ಆ ಸಭೆಯಲ್ಲಿ ಕೇಳಿದ ನಾಲ್ಕನೆಯ ಪ್ರಶ್ನೆಗೆ ಉತ್ತರ ಕೊಡಬೇಕಾದವನು ಅವನೊಬ್ಬನೇ.